ನಡೆಯಲೊಂದು ನೆವ

ಯುಗಾದಿಗೆ ಇನ್ನೂ ಕೆಲವು ವಾರಗಳಿರುವಾಗಲೇ ನಮ್ಮ ಸೀಮೆಯ ಹಾದಿಗಳಲ್ಲಿ ಶ್ರೀಶೈಲದ ಪಾದಯಾತ್ರಿಕರು ಕಾಣಿಸಿಕೊಳ್ಳತೊಡಗುವರು. ಜಮಖಂಡಿಯಿಂದ, ಮುಧೋಳದಿಂದ, ಬೀಳಗಿಯಿಂದ, ರಬಕವಿ-ಬನಹಟ್ಟಿಗಳಿಂದ, ಕೃಷ್ಣೆಯ ಆಚೆಯ ಮಹಾರಾಷ್ಟ್ರದ ಹಳ್ಳಿಗಳಿಂದಲೂ ಜನರು ತಂಡತಂಡವಾಗಿ ಹೊರಟು, ಮಲ್ಲಯ್ಯನ ಕಂಬಿಯನ್ನು ಹೊತ್ತು, ರಾಯಚೂರ ಕಡೆಯ ಬಿಸಿಲನ್ನೂ ನಲ್ಲಮಲೆಯ ಕಾಡನ್ನೂ ದಾಟಿ ಹೋಗುವರು. ಮರಗಾಲು ಕಟ್ಟಿಕೊಂಡೇ ನಡೆಯುವ ಹರಕೆಯವರೂ ಉಂಟು. ಹಾದಿಯ ಊರವರು ಇವರಿಗೆಲ್ಲ ಅನ್ನವಿಕ್ಕಿ, ಬೊಬ್ಬೆಯೆದ್ದ ಕಾಲಿಗೆ ಎಣ್ಣೆ ತಿಕ್ಕಿ ಕಳಿಸಿಕೊಡುವರು. ಹೀಗೆ ನೂರಾರು ಮೈಲಿ ನಡೆದು ಬಂದವನೇ, ಹಬ್ಬ ಮುಗಿದ ಮರುದಿನ, ಓಣಿಯ ತಿರುವಿನ ಅಂಗಡಿಯಿಂದ ಹಾಲು ತರಲು ಫಟಫಟಿಯ ಕಿವಿ ಹಿಂಡುವನು.

ಇದನ್ನು ಕಂಡು ನಗುವವರಿದ್ದಾರೆ. ನನಗೆ ಮಾತ್ರ ಇದೊಂದು ಒಗಟಿನಂತೆ ತೋರುವದು. ಆ ಮನುಷ್ಯನ ಕಾಲಲ್ಲಿ ಕಸುವಿಲ್ಲವೆನ್ನುವಂತಿಲ್ಲ. ಮನಸ್ಸಿನಲ್ಲಿ ದಾರ್ಢ್ಯವಿಲ್ಲವೆನ್ನುವಂತೆಯೂ ಇಲ್ಲ. ಶ್ರೀಶೈಲದ ಹಾದಿಯಲ್ಲಿ ಅವನಿಗೊಂದು ಗುರಿಯಿತ್ತು, ಮಗ್ಗುಲಿಗೆ ಜನರಿದ್ದರು, ಅಲ್ಲಲ್ಲಿ ಕೂಡ್ರಲು ನೆರಳಿತ್ತು, ನಡೆಯುವವನಿಗೆ ಮರ್ಯಾದೆಯಿತ್ತು. ಮನೆಯ ಬಾಗಿಲಿನಿಂದ ಹಾಲಿನಂಗಡಿಯ ವರೆಗೆ ಇವುಗಳಲ್ಲಿ ಒಂದಾದರೂ ಉಳಿದಿದೆಯೆ?

ಈಚೆಗೆ ಯಾರ ಮನೆಗೆ ಹೋದರೂ ಡಾಕ್ಟರರು ನಡೆಯಹೇಳಿದ ಮಾತು ಬಂದೇ ಬರುವದು. ಡಾಕ್ಟರರ ಮಾತು ಸುಳ್ಳಲ್ಲ. ಭಾರತೀಯ ವೈದ್ಯಕೀಯ ಸಂಶೋಧನ ಮಂಡಳಿಯ ನೆರವಿನಿಂದ ನಡೆದು 2023ರಲ್ಲಿ ಪ್ರಕಟವಾದ ದೊಡ್ಡ ಸಮೀಕ್ಷೆಯು ದೇಶದಲ್ಲಿ 10 ಕೋಟಿಗೂ ಮಿಕ್ಕಿದ ಜನರಿಗೆ ಮಧುಮೇಹವಿದೆಯೆಂದು ಲೆಕ್ಕ ಹಾಕಿತು. 2024ರಲ್ಲಿ ಪ್ರಕಟವಾದ ಇನ್ನೊಂದು ಗಣನೆಯಂತೆ, 2022ರಲ್ಲಿ ಭಾರತದ ವಯಸ್ಕರಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಮಂದಿಯ ಮೈಗೆ ಸಾಕಷ್ಟು ಚಲನೆಯಿರಲಿಲ್ಲ: ಗಂಡಸರಲ್ಲಿ ನೂರಕ್ಕೆ 42, ಹೆಂಗಸರಲ್ಲಿ ನೂರಕ್ಕೆ 57. ಸಾಕಷ್ಟು ಎಂದರೆ ಬಹಳವೇನೂ ಅಲ್ಲ. ವಾರಕ್ಕೆ 150 ನಿಮಿಷದ ಚುರುಕು ನಡಿಗೆ, ಇಲ್ಲವೆ ಅದಕ್ಕೆ ಸಮನಾದ ದುಡಿತ. ಹೆಂಗಸರ ಈ ಅಂಕೆಯನ್ನು ವಾಚಕರು ನೆನಪಿನಲ್ಲಿಟ್ಟಿರಬೇಕು. ಮುಂದೆ ಇದರ ಮಾತು ಬರುವದು.

ಆದರೆ ನಡೆಯಿರಿ ಎಂದೊಡನೆ ನಾವು ಅದನ್ನು ಒಂದು ವ್ರತದಂತೆ ತಿಳಿಯುತ್ತೇವೆ. ನಡೆದವನು ಸದಾಚಾರಿ, ನಡೆಯದವನು ಸೋಮಾರಿ. ನಾನು ಈ ಮಾತನ್ನು ಒಪ್ಪುವದಿಲ್ಲ. ನಡಿಗೆಗೂ ಎದೆಯ ರೋಗಕ್ಕೂ ಇರುವ ನಂಟನ್ನು ಲೆಕ್ಕವಿಟ್ಟು ತೋರಿಸಿದವರಲ್ಲಿ ಜೆರಿ ಮಾರಿಸ್ ಎಂಬ ಬ್ರಿಟಿಷ್ ವೈದ್ಯರು ಮೊದಲಿಗರು. ಅವರೂ ಅವರ ಸಹಾಯಕರೂ ಲಂಡನ್ನಿನ ಎರಡಂತಸ್ತಿನ ಬಸ್ಸುಗಳಲ್ಲಿ ದುಡಿಯುವ ಚಾಲಕರನ್ನೂ ಕಂಡಕ್ಟರರನ್ನೂ ಹೋಲಿಸಿ ನೋಡಿ 1953ರಲ್ಲಿ ತಮ್ಮ ಲೇಖನವನ್ನು ಪ್ರಕಟಿಸಿದರು. ಒಂದೇ ಬಸ್ಸು, ಒಂದೇ ಊರು, ಹೆಚ್ಚುಕಡಿಮೆ ಒಂದೇ ತರದ ಮನೆತನಗಳಿಂದ ಬಂದ ಜನ. ಚಾಲಕನು ದಿನವಿಡೀ ಕುಳಿತಿರುವನು. ಕಂಡಕ್ಟರನು ಕೆಳಗು ಮೇಲು ಓಡಾಡುತ್ತ ದಿನಕ್ಕೆ 500ರಿಂದ 750 ಮೆಟ್ಟಿಲು ಹತ್ತುವನು. ಹೃದ್ರೋಗವು ಕಂಡಕ್ಟರರಲ್ಲಿ ಕಡಿಮೆಯಾಗಿತ್ತು. ಬಂದರೂ ತಡವಾಗಿ ಬರುತ್ತಿತ್ತು, ಸೌಮ್ಯವಾಗಿರುತ್ತಿತ್ತು. ಈ ಕಥೆಯನ್ನು ಹೇಳುವವರು ಬಹುಮಂದಿ. ಆದರೆ ಅದರೊಳಗಿನ ಒಂದು ಸಣ್ಣ ಸಂಗತಿಯನ್ನು ಅವರು ಹಾರಿಸಿಬಿಡುವರು. ಆ ಕಂಡಕ್ಟರನು ಆರೋಗ್ಯಕ್ಕೆಂದು ಒಂದು ಮೆಟ್ಟಿಲನ್ನೂ ಹತ್ತಿದವನಲ್ಲ. ಟಿಕೀಟು ಹರಿಯಲು ಹತ್ತಿದನು. ಅವನ ಎದೆಯನ್ನು ಕಾಯ್ದದ್ದು ಅವನ ಸಂಕಲ್ಪವೆನ್ನುವದಕ್ಕಿಂತ ಆ ಬಸ್ಸಿನ ಕಟ್ಟೋಣವೆಂದರೆ ಹೆಚ್ಚು ಸರಿಯಾದೀತು.

ಬಸ್ಸಿಗೆ ಇದ್ದ ಗುಣ ಊರಿಗೂ ಇರಬಹುದಲ್ಲವೆ? ಹತ್ತು ದೇಶಗಳ 14 ನಗರಗಳಲ್ಲಿ 6,822 ಜನರ ಚಲನೆಯನ್ನು ಯಂತ್ರ ಕಟ್ಟಿ ಅಳೆದು ಇದನ್ನೇ ಹುಡುಕಿದವರು 2016ರಲ್ಲಿ ತಮ್ಮ ಫಲವನ್ನು ಹೊರಗಿಟ್ಟರು. ಅವುಗಳಲ್ಲಿ ಭಾರತದ ನಗರವೊಂದೂ ಇರಲಿಲ್ಲ. ಮನೆಗಳು ಒತ್ತಾಗಿದ್ದು, ಓಣಿಗೆ ಓಣಿ ಮತ್ತೆ ಮತ್ತೆ ಕೂಡುತ್ತಿದ್ದು, ಬಸ್ಸಿನ ನಿಲುಗಡೆಗಳೂ ಉದ್ಯಾನಗಳೂ ಹತ್ತಿರವಿದ್ದ ಕೇರಿಗಳ ಜನರು, ಇವೆಲ್ಲ ಇಲ್ಲದ ಕೇರಿಗಳವರಿಗಿಂತ ವಾರಕ್ಕೆ 68ರಿಂದ 89 ನಿಮಿಷ ಹೆಚ್ಚು ಚಲಿಸುತ್ತಿದ್ದರು. ಬೇಕಾದ 150 ನಿಮಿಷಗಳಲ್ಲಿ ಅರ್ಧದಷ್ಟನ್ನು ಓಣಿಯೇ ಕೊಟ್ಟಂತಾಯಿತು. ನಡಿಗೆಯ ಪ್ರೀತಿಯುಳ್ಳವರೇ ಅಂಥ ಕೇರಿಗಳನ್ನು ಹುಡುಕಿಕೊಂಡು ಹೋಗಿರಬಹುದಲ್ಲ ಎಂದು ಯಾರಾದರೂ ಅಡ್ಡಿ ತೆಗೆಯಬಹುದು. ಅದಕ್ಕೂ 2025ರಲ್ಲಿ 'ನೇಚರ್' ಪತ್ರಿಕೆಯಲ್ಲಿ ಒಂದು ಉತ್ತರ ಬಂದಿತು. ಅಮೇರಿಕದ 1,609 ಊರುಗಳ ನಡುವೆ ಮನೆ ಬದಲಿಸಿದ 5,424 ಜನರ ಹೆಜ್ಜೆಗಳನ್ನು ಅವರ ಕಿಸೆಯೊಳಗಿನ ಮೊಬೈಲುಗಳೇ ಎಣಿಸಿಟ್ಟಿದ್ದವು. ನಡೆಯಲು ಅನುಕೂಲವಿಲ್ಲದ ಊರಿನಿಂದ ಅನುಕೂಲವಿರುವ ಊರಿಗೆ ಹೋದವರ ನಡಿಗೆಯು ದಿನಕ್ಕೆ ಸುಮಾರು 1,100 ಹೆಜ್ಜೆ ಏರಿತು. ಎದುರು ದಿಕ್ಕಿಗೆ ಹೋದವರದು ಅಷ್ಟೇ ಇಳಿಯಿತು. ಮನುಷ್ಯನು ಅವನೇ, ಕಾಲುಗಳೂ ಅವೇ. ಓಣಿ ಮಾತ್ರ ಬೇರೆ.

ಇದನ್ನು ಓದುವಾಗ ನನ್ನ ಕಣ್ಣ ಮುಂದೆ ನಿಂತದ್ದು ನಮ್ಮ ಬೀಳಗಿ ತಾಲೂಕು. ಅಮೇರಿಕದವರು ನೌಕರಿಗಾಗಿಯೋ ಮನಸ್ಸಿಗೆ ಬಂದೋ ಮನೆ ಬದಲಿಸಿದರು. ನಮ್ಮಲ್ಲಿ ಊರಿಗೆ ಊರೇ ಮನೆ ಬದಲಿಸಿತು. ಆಲಮಟ್ಟಿಯ ಹಿನ್ನೀರು ಬಂದು ಏಳಿಸಿತು. ಅವರ ಹೆಜ್ಜೆಗಳನ್ನು ಎಣಿಸುವ ಯಂತ್ರ ಆಗ ಯಾರ ಕಿಸೆಯಲ್ಲೂ ಇರಲಿಲ್ಲ.

ಹೊಳೆಯ ದಂಡೆಯ ಆ ಹಳ್ಳಿಗಳಲ್ಲೊಂದು ನಮ್ಮದು. ಅಲ್ಲಿ ನನ್ನ ತಾಯಿಯ ದಿನಚರಿ ನನಗೆ ಚೆನ್ನಾಗಿ ನೆನಪಿದೆ. ಬೆಳಗಾದರೆ ಹೆಪ್ಪಿಗೆ ಮಜ್ಜಿಗೆ ಬೇಡಲು ಒಂದು ಮನೆ. ಬೇಡಿದ ಬಟ್ಟಲನ್ನು ತಿರುಗಿ ಕೊಡಲು ಸಂಜೆಗೆ ಮತ್ತೆ ಅದೇ ಮನೆ. ಜೋಳ ಬೀಸಿಸಲು ಗಿರಣಿ. ಶನಿವಾರ ಹನುಮಪ್ಪನ ಗುಡಿ. ಬಾಣಂತಿಯ ಮನೆಗೆ ಒಂದು ಬುಟ್ಟಿ, ಬಳೆಗಾರ ಬಂದನೆಂದರೆ ಅಗಸೆಯ ವರೆಗೆ ಒಂದು ಸುತ್ತು. ಓಣಿಗಳು ಒಂದರೊಳಗೊಂದು ಹೆಣೆದುಕೊಂಡಿದ್ದವು. ಎರಡೂ ಮಗ್ಗುಲಿನ ಗೋಡೆಗಳ ನೆರಳು ಹಾದಿಯ ಮೇಲೆಯೇ ಬೀಳುತ್ತಿತ್ತು. ಇಪ್ಪತ್ತು ಹೆಜ್ಜೆಗೊಂದು ಕಟ್ಟೆ, ಕಟ್ಟೆಗೊಂದು ಮಾತು. ಇದನ್ನೆಲ್ಲ ಆಕೆ ನಡಿಗೆಯೆಂದು ಎಂದೂ ಬಗೆದವಳಲ್ಲ. ಎಲ್ಲಿ ಹೋಗಿದ್ದೆಯೆಂದು ಕೇಳಿದರೆ, 'ಎಲ್ಲಿ ಹೋಗಲೋ ಯಪ್ಪಾ, ಮನ್ಯಾಗ ಇದ್ನೆಲ್ಲ' ಎನ್ನುವಳು.

ಹೊಸ ಊರು ಎತ್ತರದ ಬಯಲಿನಲ್ಲಿ. ಪುನರ್ವಸತಿ ಕೇಂದ್ರವೆಂದು ಅದರ ಹೆಸರು. ಆ ಹೆಸರಿನಿಂದ ಯಾರೂ ಅದನ್ನು ಪ್ರೀತಿಯಿಂದ ಕರೆದದ್ದನ್ನು ನಾನು ಕೇಳಿಲ್ಲ. ಬಾಗಲಕೋಟೆಯ ನವನಗರದ ಸೆಕ್ಟರುಗಳನ್ನು ಕಂಡವರಿಗೆ ಅದರ ಚಿತ್ರವನ್ನು ಸಣ್ಣದಾಗಿ ಕಲ್ಪಿಸಿಕೊಳ್ಳುವದು ಕಷ್ಟವಾಗದು. ನೂಲು ಹಿಡಿದಂತೆ ನೇರವಾದ ಅಗಲ ರಸ್ತೆಗಳು, ಒಂದೇ ಅಳತೆಯ ನಿವೇಶನಗಳು. ನಕ್ಷೆಯಲ್ಲಿ ನೋಡಿದರೆ ಹಳೆಯ ಊರಿಗಿಂತ ಎಷ್ಟೋ ಚೆಂದ. ಆದರೆ ಹೆಪ್ಪು ಕೊಡುವವಳು ಊರ ಆ ತುದಿಗೆ ಹೋಗಿದ್ದಳು. ಬಾಣಂತಿಯ ಮನೆಯವರು ಪರಿಹಾರದ ಹಣ ತಕ್ಕೊಂಡು ಜಮಖಂಡಿ ಸೇರಿದ್ದರು. ಮನೆಗೂ ಮನೆಗೂ ನಡುವೆ ಖಾಲಿ ನಿವೇಶನ, ಖಾಲಿ ನಿವೇಶನದಲ್ಲಿ ಬಳ್ಳಾರಿ ಜಾಲಿ. ಚೈತ್ರ ವೈಶಾಖಗಳಲ್ಲಿ 40 ಡಿಗ್ರಿಯ ಬಿಸಿಲು ಆ ಅಗಲ ರಸ್ತೆಯ ಮೇಲೆ ತಡೆಯೇ ಇಲ್ಲದೆ ಸುರಿಯುವದು. ರಸ್ತೆ ಅಗಲವಾದಷ್ಟೂ ಊರು ದೂರವಾಗುವದೆಂಬದು ನನಗೆ ಅಲ್ಲಿ ತಿಳಿಯಿತು.

ತಾಯಿ ಪಡಸಾಲೆಯ ಹೊರಸಿನ ಮೇಲೆ ಕುಳಿತಳು. ಕೆಲವು ವರುಷಗಳಲ್ಲಿ ಮೈ ಬಂತು, ಮೊಣಕಾಲು ಹಿಡಿಯಿತು, ಆ ಮೇಲೆ ಸಕ್ಕರೆ ಕಾಣಿಸಿಕೊಂಡಿತು. ಎಲ್ಲದಕ್ಕೂ ಓಣಿಯೇ ಕಾರಣವೆಂದು ನಾನು ಹೇಳೆನು. ವಯಸ್ಸೂ ಆಗಿತ್ತು, ಜೋಳದ ರೊಟ್ಟಿಯ ಜಾಗದಲ್ಲಿ ಎರಡು ಹೊತ್ತೂ ರೇಶನ್ನಿನ ಅಕ್ಕಿ ಬಂದು ಕುಳಿತಿತ್ತು. ಆದರೆ ದಿನಕ್ಕೆ ಸಾವಿರ ಹೆಜ್ಜೆ ಕಳೆದುಹೋದದ್ದು ಈ ಲೆಕ್ಕದಲ್ಲಿ ಏನೂ ಅಲ್ಲವೆಂದು ಹೇಗೆ ಹೇಳುವದು? ದವಾಖಾನೆಯಲ್ಲಿ ಡಾಕ್ಟರರು ಪದ್ಧತಿಯಂತೆ, ದಿನಾಲು ಅರ್ಧ ತಾಸು ನಡೆಯಬೇಕೆಂದರು. ಆಕೆ ಅವರ ಮುಖವನ್ನೇ ನೋಡಿ ಕೇಳಿದಳು: 'ನಡೀ ಅಂದ್ರ ಎಲ್ಲಿಗಿ ನಡೀಲಿರಿ?'

ಡಾಕ್ಟರರು ನಕ್ಕರು. ಪ್ರಶ್ನೆ ನಗುವಂಥದಾಗಿರಲಿಲ್ಲ. ಗಂಡಸು ಮುಂಜಾವಿನಲ್ಲಿ ಕೈ ಬೀಸುತ್ತ ಹೊರಟರೆ ಜನ ಅದನ್ನು ವಾಯುವಿಹಾರವೆನ್ನುವರು. ನಮ್ಮ ಕಡೆಯ ಹಳ್ಳಿಯಲ್ಲಿ ಅರುವತ್ತು ದಾಟಿದ ಹೆಂಗಸು ಕೈಯಲ್ಲಿ ಕೊಡವಿಲ್ಲದೆ, ಬುಟ್ಟಿಯಿಲ್ಲದೆ, ಬರಿಗೈಯಲ್ಲಿ ರಸ್ತೆಯ ಈ ತುದಿಯಿಂದ ಆ ತುದಿಗೆ ಹೋಗಿ ಸುಮ್ಮನೆ ತಿರುಗಿ ಬಂದರೆ, ಆಕೆಗೆ ಏನೋ ಆಗಿದೆಯೆಂದು ನಾಲ್ಕು ಮನೆಗಳವರು ಬಂದು ಕೇಳಿಯಾರು. ಹೆಂಗಸಿಗೆ ನೆವ ಬೇಕು. ಹಳೆಯ ಊರಿನಲ್ಲಿ ದಿನಕ್ಕೆ ಹತ್ತು ನೆವಗಳಿದ್ದವು. ಮನೆಯೊಳಗೆ ನಳ ಬಂತು, ಗ್ಯಾಸು ಬಂತು, ಹಾಲಿನ ಪಾಕೀಟು ಬಾಗಿಲಿಗೆ ಬಂತು, ಬೇಡವೆಂದವರಾರು? ಕೊಡ ಹೊತ್ತು ಸವೆದ ನೆತ್ತಿಯನ್ನು ಕಂಡವನಾಗಿ ನಾನಂತೂ ಅನ್ನಲಾರೆ. ಆದರೆ ಒಂದೊಂದು ಸುಖ ಬಂದಾಗಲೂ ಒಂದೊಂದು ನೆವ ಮನೆಯಿಂದ ಹೊರಬಿದ್ದು ಹೋಯಿತು. ನೂರಕ್ಕೆ 57 ಎಂಬ ಅಂಕೆಯೊಳಗೆ ಇಂಥ ಎಷ್ಟು ಹೊರಸುಗಳು, ಎಷ್ಟು ಪಡಸಾಲೆಗಳು ಅಡಗಿವೆಯೋ!

ಮುಂದೆ ಮೂರನೆಯ ಸಾಲಿನ ಒಬ್ಬ ಹೆಣ್ಣುಮಗಳು ಮನೆಯ ಮುಂದೆ ಹಿಟ್ಟಿನ ಗಿರಣಿ ಹಾಕಿದಳು. ಅದರ ಮುಂದಿನ ಬೇವು ಆಗಲೇ ಕೈ ಚಾಚುವಷ್ಟು ಬೆಳೆದಿತ್ತು. ಹಳೆಯ ಊರಿನಿಂದ ಹೇರಿ ತಂದು ಎಲ್ಲಿ ಬೇಕೋ ಅಲ್ಲಿ ಬಿದ್ದಿದ್ದ ಹಾಸುಗಲ್ಲುಗಳಲ್ಲಿ ನಾಲ್ಕನ್ನು ಹುಡುಗರು ಅದರ ಬುಡಕ್ಕೆ ಉರುಳಿಸಿದರು. ಕಟ್ಟೆಯಾಯಿತು. ತಾಯಿ ಎರಡು ಸೇರಿನ ಡಬ್ಬಿಯೊಂದನ್ನು ಹಿಡಿದು ಹೊರಟಳು. ಹತ್ತು ಸೇರು ಒಮ್ಮೆಗೇ ಬೀಸಿಸಬಹುದಲ್ಲ, ನಾನೇ ಗಾಡಿಯ ಮೇಲೆ ತರುವೆನೆಂದರೆ, ಹಿಟ್ಟು ಬಹಳ ದಿನ ಇಟ್ಟರೆ ಹುಳ ಬೀಳುವದೆಂದು ಕಾರಣ ಹೇಳುವಳು. ಹುಳದ ಮಾತಿನ ಅರ್ಥ ನಮ್ಮಿಬ್ಬರಿಗೂ ಗೊತ್ತು. ಸಕ್ಕರೆ ಇಳಿದುಹೋಯಿತೆಂದು ಬರೆದರೆ ಕಥೆ ಕಟ್ಟಿದಂತಾದೀತು. ಗುಳಿಗೆಗಳು ಈಗಲೂ ಇವೆ. ಆದರೆ ಗೋಡೆ ಹಿಡಿಯದೆ ಏಳುವಳು, ರಾತ್ರಿ ಮಲಗಿದರೆ ನಿದ್ದೆ ಬರುವದು, ಊರ ಸುದ್ದಿ ನಮಗಿಂತ ಮೊದಲು ಆಕೆಗೆ ತಿಳಿಯುವದು.

ಇದು ಮುಳುಗಿದ ಊರಿನ ಮಾತಾಯಿತು. ಮುಳುಗದೆ ಉಳಿದ ಪಟ್ಟಣಗಳಲ್ಲಿ ನೆವ ಉಳಿದಿದೆ, ಹಾದಿ ಹೋಗುತ್ತಿದೆ. ಜಮಖಂಡಿಯು 1948ರ ವರೆಗೆ ಪಟವರ್ಧನರ ಸಂಸ್ಥಾನದ ರಾಜಧಾನಿಯಾಗಿತ್ತು. ಅದರ ಹಳೆಯ ಪೇಟೆಯ ಓಣಿಗಳನ್ನು ಕಾಲಿಗೂ ಎತ್ತಿನ ಗಾಡಿಗೂ ತಕ್ಕಂತೆ ಮಾಡಿದ್ದರು. ಈಗ ಅಂಗಡಿಯ ಸಾಮಾನು ಮೆಟ್ಟಿಲಿಳಿದು ಚರಂಡಿಯ ಹಾಸುಗಲ್ಲಿನ ಮೇಲೆ ಬಂದಿದೆ. ಸಾಮಾನಿನ ಮುಂದೆ ಫಟಫಟಿಗಳು. ಅವುಗಳಾಚೆ ಉಳಿದ ಹಾದಿಯಲ್ಲಿ ಮಕ್ಕಳೂ ಮುದುಕರೂ ಬಸ್ಸುಗಳೂ ಕೂಡಿಯೇ ಸಾಗಬೇಕು. ನಡೆಯಬೇಕೆನ್ನುವವರು ರಾಮತೀರ್ಥದ ಗುಡ್ಡಕ್ಕೆ ಹೋಗುವರು. ಗುಡ್ಡದ ಬುಡದ ವರೆಗೆ ಫಟಫಟಿಯ ಮೇಲೆ ಬಂದು ಅಲ್ಲಿಂದ ಆರೋಗ್ಯ ಸಂಪಾದನೆಗೆ ತೊಡಗುವವರನ್ನೂ ನಾನು ಕಂಡಿದ್ದೇನೆ. ತಪ್ಪೇನಲ್ಲ, ಪೇಟೆಯಲ್ಲಿ ಇಲ್ಲದ ಹಾದಿ ಗುಡ್ಡದಲ್ಲಿದೆ.

ಮುಧೋಳವು ರನ್ನನ ಊರು, ಬೇಟೆನಾಯಿಯ ಊರು. ಓಟಕ್ಕೆ ಹೆಸರಾದ ಆ ನಾಯಿಗೆ 2005ರಲ್ಲಿ ಅಂಚೆಚೀಟಿಯ ಗೌರವವೂ ದೊರೆಯಿತು. ಆದರೆ ಕಬ್ಬು ನುರಿಸುವ ಹಂಗಾಮಿನಲ್ಲಿ ಅದೇ ಊರಿನ ಹೆದ್ದಾರಿಯ ಬದಿಗೆ ಮನುಷ್ಯನು ನಡೆಯುವದು ಸಾಹಸದ ಕೆಲಸ. ಒಂದೊಂದು ಟ್ರ್ಯಾಕ್ಟರಿಗೆ ಎರಡೆರಡು ಗಾಡಿ, ಗಾಡಿಯ ಅಂಚಿನಿಂದಾಚೆ ಚಾಚಿದ ಕಬ್ಬು, ಕಿವಿ ಒಡೆಯುವ ಹಾಡು. ಶಾಲೆಗೆ ಹೋಗುವ ಮಗುವನ್ನು ಈ ಹಾದಿಗೆ ನಡೆಸಿ ಕಳಿಸಲು ಯಾವ ತಾಯಿಗೆ ಧೈರ್ಯ ಬಂದೀತು? ಆಕೆ ಟಂಟಂ ಗೊತ್ತುಮಾಡುವಳು. ಆ ಮಗು ನಡಿಗೆಯನ್ನು ಕಲಿಯುವ ವಯಸ್ಸಿನಲ್ಲಿ ಕೂಡ್ರುವದನ್ನು ಕಲಿಯುವದು.

ರಬಕವಿ-ಬನಹಟ್ಟಿಗಳ ನೇಕಾರ ಓಣಿಗಳು ಮಾತ್ರ ನನಗೆ ಇಂದಿಗೂ ಒಂದು ಸಮಾಧಾನ. ಅಲ್ಲಿ ಮನೆಗೆ ಮನೆ ಹತ್ತಿದೆ, ಗೋಡೆಯ ನೆರಳಿದೆ, ಜಗಲಿಯ ಮೇಲೆ ಕಂಡಿಕೆ ಸುತ್ತುವ ಅಜ್ಜಿಯಿದ್ದಾಳೆ. ನೂಲು ತರಲು, ಸೀರೆ ಮುಟ್ಟಿಸಲು, ಕಾಡಸಿದ್ಧೇಶ್ವರನ ಗುಡಿಗೆ, ಚಹದಂಗಡಿಗೆ ಎಂದು ಜನರು ನಡೆದೇ ಹೋಗುತ್ತಿರುವರು. ಕುಣಿ ಮಗ್ಗದಲ್ಲಿ ಕಾಲಿಳಿಬಿಟ್ಟು ದಿನವಿಡೀ ಕುಳಿತವನಿಗೆ ಆ ಎರಡು ಮೂರು ಸುತ್ತು ಎಷ್ಟು ಬೇಕಾಗಿರುವದೆಂಬದನ್ನು ಅವನ ಸೊಂಟವೇ ಹೇಳೀತು. ಈ ಓಣಿಗಳು ಇಕ್ಕಟ್ಟಾದವು, ಅಗಲ ಮಾಡಬೇಕು ಎಂಬ ಮಾತು ಆಗಾಗ ಕೇಳಿಬರುವದು. ಗಟಾರ ಸರಿಮಾಡಲಿ, ಬೆಳಕು ಹಾಕಲಿ; ಅಗಲ ಮಾಡುವ ಮೊದಲು ನಮ್ಮ ಹೊಸ ಊರಿಗೆ ಒಮ್ಮೆ ಬಂದು ವೈಶಾಖದ ಮಧ್ಯಾಹ್ನದಲ್ಲಿ ನಿಂತು ನೋಡಲಿ.

ನಡಿಗೆಯೆಲ್ಲ ಆರೋಗ್ಯವೆಂದು ನಾನು ವಾದಿಸುತ್ತಿಲ್ಲ. ಅದೇ ಕಬ್ಬಿನ ಹಂಗಾಮಿಗೆ ದೂರದ ಸೀಮೆಗಳಿಂದ ಬಂದು ಗುಡಿಸಲು ಹಾಕಿಕೊಂಡು ಕಬ್ಬು ಕಡಿಯುವವರು ನಮಗಿಂತ ಎಷ್ಟೋ ಹೆಚ್ಚು ನಡೆಯುವರು, ಬಾಗುವರು, ಹೊರುವರು. ಅವರ ಮೈ ಅದರಿಂದ ಬೆಳೆಯಲಿಲ್ಲ, ಸವೆಯಿತು. ಹಳೆಯ ಊರಿನ ಓಣಿಗಳೂ ಎಲ್ಲರಿಗೂ ಒಂದೇ ತೆರನಾಗಿ ತೆರೆದಿರಲಿಲ್ಲ; ಯಾವ ಕಟ್ಟೆಯ ಮೇಲೆ ಯಾರು ಕೂಡ್ರಬೇಕೆಂಬ ಕಟ್ಟಳೆಯಿತ್ತು. ಕತ್ತಲಾಗುವದನ್ನೇ ಕಾಯ್ದು ಬಯಲಿಗೆ ಹೋಗಬೇಕಾಗಿದ್ದ ಹೆಂಗಸರ ನಡಿಗೆಯನ್ನು ಹಾಡಿ ಹೊಗಳಲಾದೀತೆ? ನನ್ನ ಮಾತು ಬೇರೆ ನಡಿಗೆಯದು: ಹೊರೆಯಿಲ್ಲದ, ಅಂಜಿಕೆಯಿಲ್ಲದ, ಹೋದಲ್ಲಿ ಒಂದು ಮುಖ ಕಾಣುವ ನಡಿಗೆ.

ಈ ಮಾತಿಗೆ ಈಗೊಂದು ಅವಸರವೂ ಬಂದಿದೆ. ಆಲಮಟ್ಟಿಯ ನೀರನ್ನು 519.60 ಮೀಟರಿನಿಂದ 524.256 ಮೀಟರಿನ ವರೆಗೆ ನಿಲ್ಲಿಸಲು ಕೃಷ್ಣಾ ನ್ಯಾಯಮಂಡಳಿಯು 2010ರಲ್ಲಿ ಒಪ್ಪಿತು. ಮುಳುಗುವ ಭೂಮಿಗೆ ನೀರಾವರಿಯಾದರೆ ಎಕರೆಗೆ 40 ಲಕ್ಷ, ಒಣಬೇಸಾಯವಾದರೆ 30 ಲಕ್ಷ ರೂಪಾಯಿ ಕೊಡಲು ರಾಜ್ಯದ ಮಂತ್ರಿಮಂಡಲವು 2025ರ ಸೆಪ್ಟೆಂಬರಿನಲ್ಲಿ ನಿರ್ಣಯಿಸಿತು. ಆ ನೀರು ಏರಿದ ದಿನ ಬೀಳಗಿ, ಮುಧೋಳ, ಜಮಖಂಡಿ ತಾಲೂಕುಗಳ ಇನ್ನಷ್ಟು ಊರುಗಳು ಎತ್ತರದ ಬಯಲುಗಳಿಗೆ ಏರಬೇಕು. ಊರ ಕಟ್ಟೆಗಳಲ್ಲಿ ಈಗ ದರದ ಮಾತೇ ಮಾತು. ಹೊಟ್ಟೆಯ ಪ್ರಶ್ನೆಯಾದ್ದರಿಂದ ಅದು ಮೊದಲು ಬರುವದು ನ್ಯಾಯವೇ. ಆದರೆ ಹಣದ ಪಟ್ಟಿಯ ಹಿಂದೆ ನಕ್ಷೆಯೂ ಬರುವದು. ಆ ನಕ್ಷೆಯನ್ನು ಹಿಡಿದವರು ಊರಿಗೆ ಬಂದಾಗ ಗಂಡಸರು ನಿವೇಶನದ ಅಳತೆ ಕೇಳಲಿ. ಹೆಂಗಸರು ಮುಂದೆ ಬಂದು ಕೇಳಬೇಕಾದ ಪ್ರಶ್ನೆಗಳು ಬೇರೆ ಇವೆ. ಗಿರಣಿ ಎಲ್ಲಿ? ಗುಡಿಯೂ ಅಂಗಡಿಯೂ ಬಸ್ಸಿನ ನಿಲುಗಡೆಯೂ ಒಂದಕ್ಕೊಂದು ಎಷ್ಟು ಹೆಜ್ಜೆ? ಇಂದು ಮಗ್ಗುಲ ಮನೆಯವರಾಗಿದ್ದವರನ್ನು ಅಲ್ಲಿಯೂ ಮಗ್ಗುಲಿಗೇ ಇಡುವಿರಾ? ನಡುವೆ ಕೂಡ್ರಲು ಕಟ್ಟೆಯಿದೆಯೆ?

ಗಿಡದ ಮಾತನ್ನಂತೂ ನಕ್ಷೆಗಿಂತ ಮೊದಲೇ ಆಡಬೇಕು. ಬೇವು ಆಳಿನ ತಲೆಗೆ ನೆರಳು ಕೊಡುವಷ್ಟಾಗಲು ಕೆಲವು ವರುಷ ಬೇಕೇ ಬೇಕು. ಸರ್ವೇಯವರು ಸರಪಳಿ ಹಿಡಿದು ಬಯಲಿಗೆ ಬರುವ ಮೊದಲ ಮಳೆಗಾಲದಲ್ಲೇ ಹಾದಿಯಾಗಬಹುದಾದ ಗುಂಟ ಸಸಿಗಳನ್ನು ನೆಟ್ಟು ಬೇಲಿ ಕಟ್ಟಿಬಿಟ್ಟರೆ, ಮನೆಗಳು ಎದ್ದು ಸಾಮಾನು ಹೇರಿದ ಟ್ರ್ಯಾಕ್ಟರುಗಳು ಬಂದು ನಿಲ್ಲುವ ಹೊತ್ತಿಗೆ, ಇಬ್ಬರು ಮುದುಕಿಯರು ಡಬ್ಬಿ ಕೆಳಗಿಟ್ಟು ಕೂಡ್ರುವಷ್ಟು ನೆರಳಾದರೂ ಅಲ್ಲಿ ಆಗಿರುವದು.